ಹಳೆ ಕಾಂಟೆಸ್ಸಾ ಕೈಕೊಟ್ಟರೆ ಮೊದಲು ಎಲ್ಲಿ ನೋಡಬೇಕು?

ಎರಡು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ನಮ್ಮ ಮನೆಯ ಕಾಂಟೆಸ್ಸಾ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ 'ಟಕ್' ಅಂತ ಒಂದು ಶಬ್ದ, ಅಷ್ಟೇ. ಹೊಸ ಬ್ಯಾಟರಿ ಹಾಕಿಸಿದೆ. ಎರಡು ದಿನ ಸರಿಯಿತ್ತು. ಆಮೇಲೆ ಒಂದು ಗ್ಯಾರೇಜಿನವರು ಸೆಲ್ಫ್ ಮೋಟರ್ (ಸ್ಟಾರ್ಟ್ ಮಾಡುವಾಗ ಎಂಜಿನ್ ತಿರುಗಿಸುವ ಮೋಟರ್) ಬಿಚ್ಚಿ ರಿಪೇರಿ ಮಾಡಿ ಬಿಲ್ ಕೊಟ್ಟರು. ಒಂದು ವಾರ ಸರಿಯಿತ್ತು. ಕೊನೆಗೆ ಅಪ್ಪನ ಕಾಲದಿಂದ ಈ ಗಾಡಿ ನೋಡಿಕೊಂಡು ಬಂದ ಹಳೆ ಮೆಕ್ಯಾನಿಕ್ಕನ್ನು ಕರೆದೆ. ಅವರು ಬಾನೆಟ್ ಎತ್ತಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿದರು. "ಬ್ಯಾಟರಿ ಸರಿ ಉಂಟು, ಸೆಲ್ಫೂ ಸರಿ ಉಂಟು ಮಾರಾಯ್ರೆ. ಅರ್ತ್ ಇಲ್ಲ" ಅಂದರು. ಎಂಜಿನ್‌ನಿಂದ ಗಾಡಿಯ ಲೋಹದ ಬಾಡಿಗೆ ಹೋಗುವ ತಾಮ್ರದ ಹೆಣಿಗೆಯ ಪಟ್ಟಿ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಹಸಿರು ಪುಡಿಯಾಗಿ ಕೂತಿತ್ತು. ಪಟ್ಟಿ ಬದಲಾಯಿಸಿ, ಬೋಲ್ಟ್ ಕೂರುವ ಜಾಗ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರು. ಅದಾದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ನಮ್ಮ ಮಂಗಳೂರಿನಲ್ಲಿ ಹಳೆ ಕಾರಿಗೆ ವಯಸ್ಸಿಗಿಂತ ಜಾಸ್ತಿ ತೊಂದರೆ ಕೊಡುವುದು ಉಪ್ಪುಗಾಳಿ, ಮಳೆ ಮತ್ತು ಸುಮ್ನೆ ನಿಂತಿರುವುದು. ದೊಡ್ಡ ರೋಗದ ಹಾಗೆ ಕಾಣುವುದು ಎಷ್ಟೋ ಸಲ ತುಕ್ಕು ಹಿಡಿದ ಒಂದು ಬೋಲ್ಟು, ಇಲ್ಲ ಬಿರಿದ ಒಂದು ರಬ್ಬರ್ ಪೈಪು. ಅದಕ್ಕೇ ಇಲ್ಲಿ ಪ್ರತಿ ತೊಂದರೆಗೂ ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಆಮೇಲೆ.

ನಾನು ಬರೆಯುವುದು 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್ನಿನ ಕಾಂಟೆಸ್ಸಾ ಕ್ಲಾಸಿಕ್ಕನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಕಾಂಟೆಸ್ಸಾ ಅಂದರೆ ಹಿಂದುಸ್ತಾನ್ ಮೋಟರ್ಸ್ 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಮಾಡಿದ ಗಾಡಿ; ಇಸುಜು ಎಂಜಿನ್ ಅದಕ್ಕೆ ಆಮೇಲೆ ಬಂದದ್ದು. ನಾಲ್ಕೂವರೆ ಮೀಟರ್ ಉದ್ದ, ಕಾರ್ಬುರೇಟರ್, ಹಿಂದಿನ ಚಕ್ರಕ್ಕೆ ಎಳೆತ. ನಿಮ್ಮದು ಬೇರೆ ಹಳೆ ದೊಡ್ಡ ಸೆಡಾನ್ ಆದರೂ ಹೆಚ್ಚಿನದೆಲ್ಲ ಹೊಂದುತ್ತದೆ. ಆದರೆ ಫ್ಯುಯೆಲ್ ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಪೆಟ್ರೋಲ್ ಪೈಪಿನಲ್ಲಿ ಪ್ರೆಶರ್ ಜಾಸ್ತಿ. ಅದಕ್ಕೆ ಕೈ ಹಾಕಬೇಡಿ.

ಕೈಯಲ್ಲಿ ಇರಬೇಕಾದದ್ದು ಸ್ವಲ್ಪವೇ: ಒಂದು ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ಸ್ಯಾಂಡ್ ಪೇಪರ್, ಟಾರ್ಚ್, ಒಣ ಹತ್ತಿ ಬಟ್ಟೆ, ಜಂಪ್ ಮಾಡುವ ದಪ್ಪ ಕೇಬಲ್.

ಕೀ ತಿರುಗಿಸಿದರೆ ಟಕ್ ಟಕ್, ಎಂಜಿನ್ ತಿರುಗುವುದೇ ಇಲ್ಲ

ಏನೂ ಬಿಚ್ಚುವ ಮೊದಲು ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೀಳುವ ಬೆಳಕು ನೋಡುತ್ತಾ ಕೀ ತಿರುಗಿಸಿ. ಲೈಟ್ ಪೂರ್ತಿ ಆರಿಹೋಗುವ ಹಾಗೆ ಮಂಕಾದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಲೈಟ್ ಹಾಗೇ ಇದ್ದು ಶಬ್ದವೂ ಇಲ್ಲದಿದ್ದರೆ ಸೆಲ್ಫಿಗೆ ಕರೆಂಟೇ ಹೋಗುತ್ತಿಲ್ಲ. ಆಗ ಕೀ ಸ್ವಿಚ್ ಮತ್ತು ಸೆಲ್ಫಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವೈರ್ ನೋಡಬೇಕು. ಲೈಟ್ ಸ್ವಲ್ಪ ಮಾತ್ರ ಮಂಕಾಗಿ 'ಟಕ್' ಅಂದರೆ ಎರಡು ಸಾಧ್ಯತೆ ಇದೆ. ಒಂದೋ ಅರ್ತ್ ಹೋಗಿದೆ, ಇಲ್ಲ ಸೆಲ್ಫ್ ಮೋಟರಿನಲ್ಲೇ ದೋಷ ಇದೆ.

ಮುಂದಿನದು ಬ್ಯಾಟರಿ ಟರ್ಮಿನಲ್. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಕೇಬಲ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ: ಪ್ಲಸ್ ಮೊದಲು, ಮೈನಸ್ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಇದನ್ನು ಮೇ ತಿಂಗಳಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಮಾಡಿದರೆ ಸಾಕು.

ಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿ ಎಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ, ಚಾರ್ಜ್ ಮಾಡಿದ ಮೇಲೂ ಬಿದ್ದರೆ, ಬ್ಯಾಟರಿ ಬದಲಾಯಿಸುವ ಕಾಲ ಬಂತು. ಆಟಿ ತಿಂಗಳಿಡೀ (ತುಳುವರ ಜುಲೈ, ಆಗಸ್ಟಿನ ಮಳೆ ತಿಂಗಳು) ಶೆಡ್ಡಿನಲ್ಲಿ ನಿಂತ ಗಾಡಿಯ ಬ್ಯಾಟರಿ ಹಾಗೆ ನಿಂತೇ ಹಾಳಾಗುತ್ತದೆ. ಓಡಿಸುವುದಿಲ್ಲ ಅಂತಾದರೆ ಮೈನಸ್ ಬಿಚ್ಚಿಡಿ.

ಬ್ಯಾಟರಿ ಚೆನ್ನಾಗಿದೆ, ಆದರೂ ಟಕ್ ಟಕ್ ಅನ್ನುತ್ತದೆ ಅಂದರೆ ಅರ್ತ್ ಪರೀಕ್ಷೆ. ನನಗೆ ಅಷ್ಟು ದುಡ್ಡು ಹೋಗುವ ಮೊದಲು ಗೊತ್ತಿರಬೇಕಿದ್ದ ಪರೀಕ್ಷೆ ಇದು. ಜಂಪ್ ಕೇಬಲ್ಲಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಮೇಲೆ ಪೇಂಟ್ ಇಲ್ಲದ ದಪ್ಪ ಕಬ್ಬಿಣಕ್ಕೆ ಹಾಕಿ. ಈಗ ಸೆಲ್ಫ್ ಹೊಡೆಯಿರಿ. ಎಂಜಿನ್ ಗರಗರ ತಿರುಗಿತಾ? ಹಾಗಾದರೆ ಅರ್ತ್ ಪಟ್ಟಿಯದೇ ದೋಷ. ಮೀಟರಿನಲ್ಲಿ ನೋಡುವವರು ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ ಮತ್ತು ಎಂಜಿನ್ ಮಧ್ಯೆ ಅಳೆಯಬಹುದು. ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ತುಕ್ಕು ಕೂತಿದೆ. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಮಿಣುಕುವುದು, ಹಾರ್ನ್ ಹೊಡೆದರೆ ಮೀಟರ್ ಮುಳ್ಳು ಕುಣಿಯುವುದು, ಇಂಥ ದೆವ್ವದ ಆಟಗಳೂ ಹೆಚ್ಚಾಗಿ ಅರ್ತಿನದೇ.

ನಿಲ್ಲಿಸಬೇಕಾದ ಜಾಗ: ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ. ಕೇಬಲ್ ಮುಟ್ಟಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ಬಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಬೀಡಿ, ಸಿಗರೇಟ್ ಹಿಡಿದು ಬಗ್ಗಿ ನೋಡುವ ನೆಂಟರನ್ನು ದೂರ ಇಡಿ. ಬ್ಯಾಟರಿ ಆಸಿಡ್ ಕಣ್ಣಿಗೆ ಹಾರಿದರೆ ನಲ್ಲಿಯ ಕೆಳಗೆ ಕಣ್ಣು ಹಿಡಿದು ಹದಿನೈದು ನಿಮಿಷವಾದರೂ ತೊಳೆದು, ನೇರ ಡಾಕ್ಟರ ಹತ್ತಿರ ಹೋಗಿ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಗಾಡಿ ಮಾತ್ರ ಹಿಡಿಯುವುದಿಲ್ಲ

ಜೂನ್, ಜುಲೈ ತಿಂಗಳಲ್ಲಿ ಇದೇ ದೊಡ್ಡ ಗೋಳು. ಎಂಜಿನ್ನಿಗೆ ಪೆಟ್ರೋಲ್ ಬೇಕು, ಕಿಡಿ ಬೇಕು. ಯಾವುದು ಇಲ್ಲ ಅಂತ ಮೂಗೇ ಹೇಳುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದು ಸೈಲೆನ್ಸರ್ ಹತ್ತಿರ ಹೋಗಿ. ಹಸಿ ಪೆಟ್ರೋಲ್ ವಾಸನೆ ಘಾಟಾಗಿ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಬರುತ್ತಿಲ್ಲ.

ಮಳೆಯ ಬೆಳಿಗ್ಗೆ ಕಿಡಿ ಇಲ್ಲ ಅಂದರೆ ಡೆಲ್ಕೊ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್ ಮೇಲೆ ಮೊದಲ ಅನುಮಾನ. ಇಗ್ನಿಷನ್ ಆಫ್ ಮಾಡಿ, ಕ್ಲಿಪ್ ತೆಗೆದು, ಕ್ಯಾಪ್ ಒಳಗೆ ನೋಡಿ. ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ತೇವ ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಇನ್ನೂ ಒಳ್ಳೆಯದು. ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿ ಅದದೇ ಜಾಗಕ್ಕೆ ಹಾಕಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ಎಲ್ಲಿಯದು ಅಂತ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ. ಹೋಗಿದೆ, ಅನುಭವದ ಮಾತು.

ಕ್ಯಾಪ್ ಒಳಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಅಡ್ಡದಾರಿ ಹಿಡಿದಿದೆ ಅಂತ ಅರ್ಥ. ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಬದಲಾಯಿಸಬೇಕು. ವೈರುಗಳ ಮೇಲೆ ಅನುಮಾನ ಇದ್ದರೆ ಕತ್ತಲಾದ ಮೇಲೆ ಎಂಜಿನ್ ಓಡಿಸಿ ಬಾನೆಟ್ ಎತ್ತಿ ನೋಡಿ. ಬಿರಿದ ವೈರಿನಲ್ಲಿ ಪುಟ್ಟ ಮಿಂಚು ಹಾರುತ್ತದೆ. ಕೈಯಿಂದ ಮುಟ್ಟಿ ನೋಡಬೇಡಿ. ಅಲ್ಲಿ ಓಡುವುದು ಸಾವಿರಾರು ವೋಲ್ಟ್. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ನಿನ ಹತ್ತಿರ ಬಗ್ಗಲೇಬಾರದು. ಒಣಗಿಸಿದ ಮೇಲೂ ಹಿಡಿಯದಿದ್ದರೆ ಪಾಯಿಂಟ್ (ಕಿಡಿಗಾಗಿ ಕರೆಂಟ್ ಬಿಟ್ಟು ಕಡಿಯುವ ಸಣ್ಣ ಸ್ವಿಚ್) ಸುಟ್ಟಿದೆಯಾ ನೋಡಿ, ನಿಮ್ಮ ಡೆಲ್ಕೊದಲ್ಲಿ ಪಾಯಿಂಟ್ ಇದ್ದರೆ. ಅಲ್ಲಿಂದ ಮುಂದೆ ಕಾಯಿಲ್, ಟೈಮಿಂಗ್ (ಕಿಡಿ ಹಾರುವ ಹೊತ್ತು). ಅದು ಗೊತ್ತಿರುವವರ ಕೆಲಸ.

ವಾಸನೆ ಜಾಸ್ತಿ ಇದ್ದು ಕಾರ್ಬುರೇಟರ್ ಒದ್ದೆಯಾಗಿದ್ದರೆ ನೀವೇ ಎಕ್ಸಲರೇಟರ್ ಒತ್ತಿ ಒತ್ತಿ ಪೆಟ್ರೋಲ್ ತುಂಬಿಸಿದ್ದೀರಿ. ಹತ್ತು ನಿಮಿಷ ಬಿಡಿ. ಚೋಕ್ (ತಣ್ಣನೆ ಎಂಜಿನ್ ಹಿಡಿಯಲು ಗಾಳಿ ಕಡಿಮೆ ಮಾಡುವ ಗುಬ್ಬಿ) ಒಳಗೆ ತಳ್ಳಿ, ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ.

ಪೆಟ್ರೋಲೇ ಬರುತ್ತಿಲ್ಲ ಅಂದರೆ ಟ್ಯಾಂಕ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ. ನಗಬೇಡಿ, ಹಳೆ ಗಾಡಿಯ ಪೆಟ್ರೋಲ್ ಮುಳ್ಳನ್ನು ನಂಬಿ ಪಂಪ್‌ವೆಲ್ ಫ್ಲೈಓವರ್ ಮೇಲೆ ನಿಂತವರಲ್ಲಿ ನಾನೂ ಒಬ್ಬ. ಆಮೇಲೆ ಫಿಲ್ಟರ್. ಪಾರದರ್ಶಕ ಫಿಲ್ಟರ್ ಆದರೆ ಒಳಗೆ ಕಂದು ಕೆಸರು ಕಾಣುತ್ತದೆ. ಅದು ಟ್ಯಾಂಕಿನ ತುಕ್ಕು.

ಏಪ್ರಿಲ್, ಮೇ ಸೆಕೆಗೆ ಇನ್ನೊಂದು ಕಾಟ ಇದೆ. ನಂತೂರಿನ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತ ಗಾಡಿ ಗಕ್ಕನೆ ಬಂದ್ ಬೀಳುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯಲಾರದೆ ಸೋತಿರುತ್ತದೆ. ಪಂಪಿನ ಮೇಲೆ, ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯಿರಿ. ಇದಕ್ಕಾಗಿ ಪಂಪ್ ಬದಲಾಯಿಸಬೇಕಾಗಿಲ್ಲ. ಪೈಪ್ ಎಕ್ಸಾಸ್ಟಿಗೆ ತೀರಾ ಹತ್ತಿರ ಹೋಗಿದೆಯಾ ಅಂತ ನೋಡಿ ದೂರ ಸರಿಸಿದರೆ ಎಷ್ಟೋ ಗುಣ ಕಾಣುತ್ತದೆ.

ಈಗ ಪೆಟ್ರೋಲಿನ ಮಾತು. ಈಗ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. 1990ರ ದಶಕದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು, ಕಾರ್ಬುರೇಟರಿನ ವಾಷರು ಇದಕ್ಕಾಗಿ ಮಾಡಿದ್ದಲ್ಲ. ಮೆತ್ತಗಾಗುತ್ತವೆ, ಉಬ್ಬುತ್ತವೆ, ಬಿರಿಯುತ್ತವೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಹವೆಯಲ್ಲಿ ಅರ್ಧ ಖಾಲಿ ಟ್ಯಾಂಕ್ ಎರಡು ತಿಂಗಳು ನಿಂತರೆ ತಳದಲ್ಲಿ ನೀರು ಸೇರುವುದು ಸಹಜ. ನಾನು ಮಾಡಿದ್ದು ಇಷ್ಟು: ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪ್ ಎಲ್ಲ ಎಥೆನಾಲ್ ತಡೆಯುವ ಜಾತಿಯದ್ದು ಹಾಕಿಸಿದೆ, ಕ್ಲಿಪ್ಪೂ ಹೊಸದು. ಈ ಗಾಡಿಗೆ ಯಾವ ಕೆಲಸ ಮಾಡಿಸದಿದ್ದರೂ ಇದೊಂದನ್ನು ಮಾಡಿಸಿ ಅಂತ ನಾನು ಹೇಳುವುದು.

ಯಾಕೆಂದರೆ ಬಿರಿದ ಪೈಪಿನ ಕೆಳಗೆ ಬಿಸಿ ಎಂಜಿನ್ ಇದೆ. ಒಳಗೆ ಕೂತಾಗ ಪೆಟ್ರೋಲ್ ವಾಸನೆ ಬಂದರೆ, ನಿಂತ ಜಾಗದಲ್ಲಿ ಹನಿ ಕಂಡರೆ, ಸ್ಟಾರ್ಟ್ ಮಾಡಲೇಬೇಡಿ. ಓಡುವಾಗ ವಾಸನೆ ಬಂದರೆ ಬದಿಗೆ ನಿಲ್ಲಿಸಿ, ಆಫ್ ಮಾಡಿ, ಎಲ್ಲರನ್ನೂ ಇಳಿಸಿ. ಸ್ಟಾರ್ಟ್ ಆಗದ ಗಾಡಿಯ ಕಾರ್ಬುರೇಟರಿಗೆ ಬಾಟಲಿಯಿಂದ ಪೆಟ್ರೋಲ್ ಸುರಿಯುವ ಪರಿಪಾಠ ನಮ್ಮಲ್ಲಿ ಇದೆ. ಎಂಜಿನ್ ಒಮ್ಮೆ ತಿರುಗಿ ಬೆಂಕಿ ಉಗುಳಿದರೆ ಬಾಟಲಿ ನಿಮ್ಮ ಕೈಯಲ್ಲೇ ಇರುತ್ತದೆ.

ಇನ್ನೊಂದು, ಇದು ಮಳೆಗಾಲದ್ದೇ. ಕೊಟ್ಟಾರ ಚೌಕಿಯ ಹತ್ತಿರವೋ ಪಡೀಲಿನ ರೈಲ್ವೆ ಸೇತುವೆಯ ಕೆಳಗೋ ನೀರಿನೊಳಗೆ ಗಾಡಿ ನುಗ್ಗಿಸಿ, ಅದು ಅಲ್ಲೇ ಬಂದ್ ಬಿದ್ದರೆ, ಮತ್ತೆ ಸೆಲ್ಫ್ ಹೊಡೆಯಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಅದುಮಲಾರದು. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ಹೊರಗೆ ತನ್ನಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ ನೀರು ತೆಗೆಯುವ ತನಕ ಎಂಜಿನ್ ತಿರುಗಿಸಬಾರದು. ಇದನ್ನು ಮೆಕ್ಯಾನಿಕ್ ಮಾಡಲಿ.

ಮುಳ್ಳು ಕೆಂಪಿಗೆ ಹೋಗುತ್ತದೆ

ಹಾಸನದಲ್ಲಿ ಮದುವೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಲಾರಿ, ಎರಡನೇ ಗೇರು, ಎಸಿ ಹಾಕಿದ್ದೆ. ಮುಳ್ಳು ಮೆಲ್ಲಗೆ ಏರುತ್ತಿತ್ತು. ಪಕ್ಕದಲ್ಲಿದ್ದ ಬಾವ, "ಇನ್ನು ಸ್ವಲ್ಪ ದೂರ ಅಷ್ಟೇ, ಮೇಲೆ ಹೋಗಿ ನಿಲ್ಲಿಸುವ" ಅಂದರು. ಆ 'ಸ್ವಲ್ಪ ದೂರ'ಕ್ಕೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಯಿತು. ಮದುವೆಗೆ ಸಕಲೇಶಪುರದಿಂದ ಬಸ್ಸಿನಲ್ಲಿ ಹೋದೆವು.

ಆವತ್ತು ಮಾಡಬೇಕಿದ್ದದ್ದು ಹೀಗೆ. ಮುಳ್ಳು ಮಾಮೂಲಿ ಜಾಗ ಬಿಟ್ಟು ಏರಿತು ಅನ್ನುವಾಗಲೇ ಎಸಿ ಆಫ್. ಹೀಟರ್ ಇದ್ದರೆ ಅದನ್ನು ಪೂರ್ತಿ ಹಾಕಿ ಕಿಟಕಿ ಇಳಿಸಿ. ಬೆವರು ಇಳಿದರೂ ಎಂಜಿನ್ನಿನ ಬಿಸಿ ಹೊರಗೆ ಬರುತ್ತದೆ. ಆದರೂ ಏರಿದರೆ ಮೊದಲು ಸಿಕ್ಕ ಅಗಲ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮುಚ್ಚಳದ ಪ್ರೆಶರಿನಿಂದ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ತೆಗೆದ ಕ್ಷಣ ಕುದ್ದು ಮುಖಕ್ಕೆ ಹಾರುತ್ತದೆ. ಕಡಿಮೆ ಅಂದರೆ ಅರ್ಧ ಗಂಟೆ. ಮೇಲಿನ ಪೈಪನ್ನು ಕೈಯಲ್ಲಿ ಹಿಡಿಯಬಹುದು ಅನ್ನಿಸಿದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಅರ್ಧ ತಿರುಗಿಸಿ, ಹಬೆ ಬಿಟ್ಟು, ಆಮೇಲೆ ತೆಗೆಯಿರಿ. ಬಿಸಿ ಎಂಜಿನ್ನಿಗೆ ಘಾಟಿಯ ತೊರೆಯ ತಣ್ಣನೆ ನೀರು ಸುರಿದರೆ ಹೆಡ್ ಬಿರಿಯಬಹುದು.

ಮನೆಗೆ ಬಂದ ಮೇಲೆ ಕೇಳಿಕೊಳ್ಳಿ: ಬಿಸಿ ಆಗುವುದು ಯಾವಾಗ? ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಹೈವೇಯಲ್ಲಿ ಇಳಿಯುತ್ತದೆಯೆಂದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್, ಫ್ಯಾನ್ ಬೆಲ್ಟ್ ನೋಡಿ. ಹೈವೇಯಲ್ಲಿ, ಘಾಟಿಯಲ್ಲಿ ಏರುತ್ತದೆಯೆಂದರೆ ನೀರಿನ ಓಟ ಸಾಲುತ್ತಿಲ್ಲ. ರೇಡಿಯೇಟರ್ ಕಟ್ಟಿದೆ, ಇಲ್ಲ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಅರ್ಧಕ್ಕೇ ನಿಂತಿದೆ. ಟೈಮಿಂಗ್ ಹಿಂದೆ ಬಿದ್ದರೂ ಹೀಗಾಗುತ್ತದೆ. ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೇ ಏರಿದರೆ ನೀರು ಕಡಿಮೆ ಇದೆ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ.

ತಣ್ಣಗಿರುವಾಗ ನೋಡಬೇಕಾದದ್ದು: ನೀರಿನ ಮಟ್ಟ. ಮುಚ್ಚಳದ ರಬ್ಬರ್ ಬಿರಿದಿದೆಯಾ. ಇದು ಅಗ್ಗದ ಪಾರ್ಟು, ಅನುಮಾನ ಬಂದರೆ ಬದಲಾಯಿಸಿಬಿಡಿ. ಪೈಪುಗಳನ್ನು ಹಿಚುಕಿ ನೋಡಿ, ಬ್ರೆಡ್ಡಿನ ಹಾಗೆ ಮೆತ್ತಗಿದ್ದರೂ ಕಷ್ಟ, ಕಡ್ಡಿಯ ಹಾಗೆ ಗಟ್ಟಿ ಇದ್ದರೂ ಕಷ್ಟ. ಫ್ಯಾನ್ ಬೆಲ್ಟ್ ಮಧ್ಯಕ್ಕೆ ಹೆಬ್ಬೆರಳು ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ರೇಡಿಯೇಟರಿನ ಮುಂಭಾಗದಲ್ಲಿ ಹುಳ, ಎಲೆ, ಕೆಂಪು ಮಣ್ಣು ಕೂತಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಬಾಡಿಯ (ನೀರಿನ ಪಂಪಿನ) ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ಸೋರಿದ ಗುರುತು ಕಂಡರೆ ಒಳಗಿನ ಸೀಲ್ ಹೋಗಿದೆ.

ಥರ್ಮೋಸ್ಟಾಟ್ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಹೊರಗೆ ತೆಗೆದು, ಹಳೆ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ನೀರು ಕಾಯಿಸಿ. ತೆರೆಯಬೇಕಾದ ಡಿಗ್ರಿ ಅದರ ಮೈ ಮೇಲೇ ಕೊರೆದಿರುತ್ತದೆ, ಹೆಚ್ಚಾಗಿ 82ರ ಆಸುಪಾಸು. ನೀರು ಕುದಿದರೂ ತೆರೆಯದಿದ್ದರೆ ಹೊಸದು ತನ್ನಿ. ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ತರಬೇಡಿ. ಕೂಲಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ವಿಷ. ನಮ್ಮಮ್ಮ ಈಗಲೂ ಆ ಪಾತ್ರೆಯ ಲೆಕ್ಕ ಕೇಳುತ್ತಾರೆ. 'ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ' ಅಂತ ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳು ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಂಜಿನ್ ಸರಿಯಾದ ಬಿಸಿಗೆ ಬರದೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಬಾವಿಯ ನೀರು ತುಂಬಿಸುವ ಅಭ್ಯಾಸವನ್ನೂ ಬಿಡಿ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಗೆಗೆ ಉಪ್ಪು ಏರುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧ ಅರ್ಧ. ಮಂಜುಗಡ್ಡೆ ನಮಗೆ ಇಲ್ಲ, ಸರಿ. ಕೂಲಂಟ್ ಬೇಕಾಗಿರುವುದು ತುಕ್ಕು ತಡೆಯಲು.

ಗ್ಯಾಸ್ಕೆಟ್ ಹೋದ ಗುರುತುಗಳು: ಬೆಚ್ಚಗಾದ ಮೇಲೂ ನಿಲ್ಲದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಬಿಡದೆ ಬರುವ ಗುಳ್ಳೆ, ಎಲ್ಲೂ ಸೋರದೆ ಕಡಿಮೆಯಾಗುವ ನೀರು, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯಂಥ ಆಯಿಲ್. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬಿಳಿ ಕೆನೆ ಇದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಬಿಜೈಯಿಂದ ಹಂಪನಕಟ್ಟೆಗೆ ಹೋಗಿ ಬರುವ ಗಾಡಿಗೆ ಅದು ಆಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಕಂಡರೆ ಮಾತ್ರ ಎಂಜಿನ್ ಮತ್ತೆ ಹಾಕದೆ ಟೋ ಮಾಡಿಸಿ.

ಬ್ರೇಕ್

ಮೊದಲೇ ಹೇಳುತ್ತೇನೆ. ಪೆಡಲ್ ನೆಲಕ್ಕೆ ತಾಗಿದರೆ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್ಕೇ ಮನೆಗೆ ಬರಲಿ.

ಎಂಜಿನ್ ಹಾಕಿ ಪೆಡಲನ್ನು ಒಂದೇ ಒತ್ತಡದಲ್ಲಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಾ ಹೋದರೆ ಒಂದೋ ಹೊರಗೆ ಸೋರುತ್ತಿದೆ, ಇಲ್ಲ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಆಯಿಲ್ ಡಬ್ಬಿಯ ಮಟ್ಟ, ನಾಲ್ಕೂ ಚಕ್ರದ ಒಳಬದಿ ನೋಡಿ. ಸ್ಪಂಜಿನ ಹಾಗೆ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದಾಗ ಗಟ್ಟಿಯಾದರೆ ಒಳಗೆ ಗಾಳಿ ಸೇರಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಸರ್ವೋ (ಪೆಡಲ್ ಒತ್ತಲು ನೆರವಾಗುವ ಭಾಗ) ನೋಡಿ: ಎಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿ, ಒತ್ತಿಯೇ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ ಎಂಜಿನ್ನಿನಿಂದ ಸರ್ವೋಗೆ ಬರುವ ಗಾಳಿ ಪೈಪು ಬಿರಿದಿದೆಯಾ ನೋಡಿ. ಸರ್ವೋ ಬದಲಾಯಿಸಿ ಅನ್ನುವವರು ಆ ಪೈಪನ್ನು ನೋಡಿರುವುದಿಲ್ಲ.

ಒಂದು ಕಡೆ ಎಳೆಯುತ್ತದೆಯೆಂದರೆ ಮೊದಲು ಟಯರಿನ ಗಾಳಿ, ಆಮೇಲೆ ಜಾಮ್ ಆದ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ). ಹತ್ತು ಕಿಲೋಮೀಟರ್ ಓಡಿಸಿ ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟುವುದು ಬೇಡ. ಒಂದು ಚಕ್ರದಿಂದ ಮಾತ್ರ ಝಳ ಹೊಡೆದರೆ ಅದರ ಬ್ರೇಕ್ ಬಿಡುತ್ತಿಲ್ಲ. ರಾತ್ರಿ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಬ್ರೇಕಿಗೆ ಗರಗರ ಅಂದರೆ ಅದು ಡಿಸ್ಕಿನ ಮೇಲಿನ ತುಕ್ಕು. ನಾಲ್ಕು ಸಲ ಒತ್ತಿದರೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಘಾಟಿ ಇಳಿಯುವಾಗ ಆ ನೀರು ಕುದಿಯುತ್ತದೆ, ಪೆಡಲ್ ಸತ್ತುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮ ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ.

ಚಕ್ರ ಬಿಚ್ಚುವವರಿಗೆ ಒಂದು ಮಾತು. ನಮ್ಮಲ್ಲಿ ಎಲ್ಲರ ಅಂಗಳದಲ್ಲೂ ಮುರಕಲ್ಲು (ಜಂಬಿಟ್ಟಿಗೆ) ಬಿದ್ದಿರುತ್ತದೆ. ಜಾಕ್ ಹಾಕಿ ಎತ್ತಿ, ಕೆಳಗೆ ಮುರಕಲ್ಲು ಪೇರಿಸಿ ಒಳಗೆ ನುಗ್ಗುವುದನ್ನು ನೋಡಿದ್ದೇನೆ. ಮಳೆ ಕುಡಿದ ಮುರಕಲ್ಲು ಒಂದೂಕಾಲು ಟನ್ನಿನ ಗಾಡಿಯ ಕೆಳಗೆ ಏಕಾಏಕಿ ಪುಡಿಯಾಗಬಹುದು. ಸಿಮೆಂಟಿನ ಹಾಲೋ ಬ್ಲಾಕಿನ ಕಥೆಯೂ ಅದೇ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಗಾಡಿಯ ಅಡಿಗೆ ಹೋಗಬೇಡಿ.

ಹೊಗೆ, ಕಂಪನ, ಮಂಕು ಲೈಟು

ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಸಿರು ಬಂದು ನಿಂತರೆ ವಾಲ್ವ್ ಸೀಲ್, ಎಳೆಯುವಾಗ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗ್. ಮೊದಲನೆಯದಕ್ಕೆ ಅವಸರ ಇಲ್ಲ, ಆಯಿಲ್ ಮಟ್ಟ ನೋಡುತ್ತಾ ವರ್ಷಗಟ್ಟಲೆ ಓಡಿಸಬಹುದು. ಕಪ್ಪು ಹೊಗೆಗೆ ಏರ್ ಫಿಲ್ಟರ್, ಸಿಕ್ಕಿಕೊಂಡ ಚೋಕ್, ಆಮೇಲೆ ಕಾರ್ಬುರೇಟರ್.

ಗೇರ್ ಹಾಕಿ ಕ್ಲಚ್ ಬಿಟ್ಟಾಗ ನಡುವಿನಿಂದ 'ಠಣ್' ಅಂದರೆ ಹಿಂದಿನ ಚಕ್ರಕ್ಕೆ ಎಳೆತ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ಸವೆದಿದೆ. ಅದು ತುಂಡಾದರೆ ಶಾಫ್ಟ್ ರಸ್ತೆಗೆ ಬಡಿಯುತ್ತದೆ, ಮುಂದೂಡಬೇಡಿ. ವೇಗ ಏರಿದಾಗ ಸ್ಟೇರಿಂಗ್ ನಡುಗಿದರೆ ಮೊದಲು ಬ್ಯಾಲೆನ್ಸಿಂಗ್, ಮತ್ತು ಟಯರಿನ ವಯಸ್ಸು. ಟಯರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ್ದು. ಕಡಿಮೆ ಓಡುವ ಗಾಡಿಯ ಟಯರ್ ಸವೆಯುವ ಮೊದಲೇ ಬಿರಿಯುತ್ತದೆ. ಬದಿಯಲ್ಲಿ ಬಿರುಕು ಕಂಡರೆ, ಟಯರಿನ ಗೆರೆ ಎಷ್ಟು ಆಳ ಇದ್ದರೂ ಬದಲಾಯಿಸಿ.

ರಾತ್ರಿ ಲೈಟ್ ಮಂಕಾಗಿ ಎಂಜಿನ್ ಏರಿಸಿದಾಗ ಬೆಳಗಿದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಕಡೆ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಕಡಿಮೆ ಇದ್ದರೆ ಮೊದಲು ಬೆಲ್ಟ್ ಬಿಗಿ ಮಾಡಿ, ಅರ್ತ್ ನೋಡಿ, ಆಮೇಲೆ ಡೈನಮೋ ಬಿಚ್ಚಿಸಿ.

ಕಾಲ ಕೆಳಗಿನ ಕಾರ್ಪೆಟ್ ಒದ್ದೆ

ಇದನ್ನು ಯಾರೂ ತೊಂದರೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಂಟೆಸ್ಸಾಗಳನ್ನು ನಮ್ಮ ಕರಾವಳಿಯಲ್ಲಿ ಗುಜರಿಗೆ ಕಳಿಸಿದ್ದು ಇದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರ ಮೇಲೆ ಉಪ್ಪು.

ಒದ್ದೆ ನೀರಿನ ವಾಸನೆ ನೋಡಿ. ಸಿಹಿ ವಾಸನೆ, ಅಂಟು ಇದ್ದರೆ ಅದು ಹೀಟರಿನಿಂದ ಸೋರಿದ ಕೂಲಂಟ್. ಬರೀ ನೀರಾದರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರು ಮಾಡಿ ಮೇಲಕ್ಕೆ. ಬಾಗಿಲ ತಳದ ತೂತುಗಳು ಕಸ ಕಟ್ಟಿದ್ದರೆ ತಂತಿಯಲ್ಲಿ ಬಿಡಿಸಿ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದರೆ ಇವೇ ಮುಚ್ಚಿವೆ. ಗಾಜಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ ಮೂಲೆಯಲ್ಲಿ ಎದ್ದಿದೆಯಾ ನೋಡಿ.

ಕಾರ್ಪೆಟ್ ಎತ್ತಿ ನೆಲವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಕಣಕಣ ಅನ್ನುತ್ತದೆ. ತಿಂದ ತಗಡು ಹಪ್ಪಳದ ಹಾಗೆ. ಬಾಗಿಲಿನ ಕೆಳಗಿನ ಉದ್ದ ಪಟ್ಟಿ, ಜಾಕ್ ಕೊಡುವ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಇಲ್ಲಿ ಎಲ್ಲಾದರೂ ಹಪ್ಪಳ ಸಿಕ್ಕಿದರೆ ಮನೆಯ ಕೆಲಸ ಮುಗಿಯಿತು. ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಬಲ್ಲ ಟಿಂಕರಿಂಗ್‌ನವರು ಬೇಕು. ಪುಟ್ಟಿ ಹಚ್ಚಿ ಪೇಂಟ್ ಹೊಡೆದು ಕೊಡುವವರಿಗೆ ಕೊಡಬೇಡಿ. ಹಾಗೆಯೇ, ತುಕ್ಕಿನ ಮೇಲೆ ಡಾಂಬರಿನಂಥ ಕಪ್ಪು ಕೋಟಿಂಗ್ ಹೊಡೆಸಿದರೆ ತೇವ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಮೊದಲು ಕೆರೆದು, ತುಕ್ಕು ತಡೆಯುವ ಪ್ರೈಮರ್ ಹೊಡೆದು, ಆಮೇಲೆ ಕೋಟಿಂಗ್. ಮಲ್ಪೆಗೋ ಪಣಂಬೂರಿಗೋ ಹೋಗಿ ಬಂದರೆ ಅಡಿಭಾಗಕ್ಕೆ ಸಿಹಿನೀರು ಬಿಡಿ.

ಕಾರ್ಪೆಟ್ ಎತ್ತಿದಾಗ ಅಡಿಕೆ ಸಿಪ್ಪೆಯೋ ಅರ್ಧ ತಿಂದ ಗೋಡಂಬಿಯೋ ಸಿಕ್ಕಿದರೆ ಗಾಡಿಯಲ್ಲಿ ಇಲಿ ಸಂಸಾರ ಹೂಡಿದೆ. ವೈರಿಂಗ್ ಉದ್ದಕ್ಕೂ ನೋಡಿ, ಕಚ್ಚಿದ ವೈರ್ ಸಿಕ್ಕಿದರೆ ಬ್ಯಾಟರಿ ಬಿಚ್ಚಿ ಆಮೇಲೆ ಕೈ ಹಾಕಿ.

ಪಾರ್ಟು ಹುಡುಕಲು ಹೊರಡುವ ಮೊದಲು

'ಕಾಂಟೆಸ್ಸಾದ್ದು ಕೊಡಿ' ಅಂತ ಕೇಳಿದರೆ ಹೆಚ್ಚಿನ ಅಂಗಡಿಯವರು ತಲೆ ಎತ್ತದೆ 'ಇಲ್ಲ' ಅನ್ನುತ್ತಾರೆ. ಎಂಜಿನ್, ಗೇರ್‌ಬಾಕ್ಸಿನ ಸಾಮಾನಾದರೆ 'ಅಂಬಾಸಿಡರ್ 1800 ಐಎಸ್‌ಝಡ್' ಅಂತ ಕೇಳಿ ನೋಡಿ. ಇದೇ ಇಸುಜು ಎಂಜಿನ್ ಆ ಅಂಬಾಸಿಡರಿಗೂ ಬಂದಿತ್ತು. ಹಳೆ ಪಾರ್ಟನ್ನು ತೊಳೆದು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಫೋಟೋ ಸಾಲದು. ಬೇರಿಂಗ್, ಆಯಿಲ್ ಸೀಲ್ ಆದರೆ ಅದರ ಮೇಲಿನ ನಂಬರ್ ಬರೆದುಕೊಂಡು ಬೇರಿಂಗ್ ಅಂಗಡಿಗೇ ಹೋಗಿ. ಅಲ್ಲಿ ಕಾರಿನ ಹೆಸರು ಯಾರೂ ಕೇಳುವುದಿಲ್ಲ.